ಕೆಂಪಗೆ ಕಾಯಿಸಿದ ಹಾಲು

ನನ್ನ ಮನೆಯಲ್ಲಿ ಹಾಲು ಕುಡಿದವರೆಲ್ಲ ಒಮ್ಮೆಯಾದರೂ ಮುಖ ಸಿಂಡರಿಸಿದ್ದಾರೆ. ಸೊಸೆ ಬಂದ ಹೊಸದರಲ್ಲಿ, "ಅತ್ತೆ, ಇದು ಹಾಲೋ ಕಷಾಯವೋ?" ಎಂದು ಕೇಳಿಯೇಬಿಟ್ಟಿದ್ದಳು. ಹಾಲು ಉಕ್ಕಿ ಬಂದ ಕೂಡಲೇ ಇಳಿಸುವುದು ಲೋಕಾರೂಢಿ. ನಾನು ಇಳಿಸುವುದಿಲ್ಲ. ಉರಿ ಸಣ್ಣಗೆ ಮಾಡಿ, ಹಾಲು ಬತ್ತಿ, ಕೆನೆ ದಪ್ಪಗಾಗಿ, ಬಣ್ಣ ಕೆಂಪಿಗೆ ತಿರುಗುವವರೆಗೆ ಒಲೆಯ ಮೇಲೇ ಬಿಡುತ್ತೇನೆ. ಗ್ಯಾಸು ಸುಮ್ಮನೆ ಹಾಳು ಎಂದು ಮಗ ಗೊಣಗುತ್ತಾನೆ. ಗೊಣಗಲಿ. ಹಟಮಾರಿ ಎಂಬ ಬಿರುದು ನನಗೆ ಮದುವೆಯಾದ ವರ್ಷವೇ ಸಿಕ್ಕಿದೆ, ತೊಂಬತ್ತು ದಾಟಿದ ಈ ವಯಸ್ಸಿನಲ್ಲಿ ಅದನ್ನು ಯಾರೂ ಕಸಿದುಕೊಳ್ಳಲಾರರು. ಆದರೆ ಹಟ ಮಾಡಲೇಬೇಕಾಗಿದ್ದ ಒಂದು ದಿನ ನಾನು ಬಾಯಿ ಮುಚ್ಚಿಕೊಂಡೆ. ಅದಕ್ಕೆ ಒಂದು ಮಗು ಹೋಯಿತು. ಈ ಮಾತನ್ನು ಇಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದು ಸಾಕು.

ಸಾವಿರದ ಒಂಬೈನೂರ ಮೂವತ್ತರ ಈಚಿನ ವರ್ಷಗಳು. ಬ್ರಿಟಿಷರ ಕಾಲ, ನಮ್ಮ ಸೀಮೆಯೆಲ್ಲ ಮುಂಬೈ ಇಲಾಖೆಗೆ ಸೇರಿತ್ತು. ನಮ್ಮನೆಯವರು ಯಲ್ಲಾಪುರದ ಮರದ ಡಿಪೋದಲ್ಲಿ ಗುಮಾಸ್ತರು. ನನ್ನ ತವರು ಶಿರಸಿ ಹತ್ತಿರದ ಇಸಳೂರು, ಅತ್ತೆಯ ಮನೆ ಸಿದ್ದಾಪುರ. ಯಲ್ಲಾಪುರದ ಪೇಟೆಯಲ್ಲಿ ಒಂದು ಸಣ್ಣ ಬಾಡಿಗೆ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಮದುವೆಯಾಗಿ ನಾಲ್ಕು ವರ್ಷವಾಗಿದ್ದರೂ ನನಗೆ ಮಕ್ಕಳಾಗಿರಲಿಲ್ಲ. ಅದನ್ನು ಯಾರೂ ಎದುರಿಗೆ ಆಡುತ್ತಿರಲಿಲ್ಲ, ಆದರೆ ನಾನು ಕೋಣೆಗೆ ಬಂದ ಕೂಡಲೇ ಹೆಂಗಸರು ಮಾತು ಬದಲಿಸುತ್ತಿದ್ದರು. ಎದುರಿಗೇ ಆಡಿದ್ದರೆ ವಾಸಿಯಿತ್ತು, ನಾನೂ ನಾಲ್ಕು ಮಾತು ತಿರುಗಿ ಆಡುತ್ತಿದ್ದೆ.

ಹಾಗಿರುವಾಗ ನಮ್ಮನೆಯವರ ಒಬ್ಬಳೇ ತಂಗಿ ಸಿದ್ದಾಪುರದಲ್ಲಿ ಹೆಣ್ಣು ಹೆತ್ತು ಹತ್ತನೇ ದಿನಕ್ಕೆ ತೀರಿಕೊಂಡಳು. ಅವಳ ಗಂಡ ವರ್ಷ ತುಂಬುವುದರೊಳಗೆ ಇನ್ನೊಂದು ಮದುವೆ ಮಾಡಿಕೊಂಡು, ಕೂಸಿನ ಕಡೆ ತಿರುಗಿಯೂ ನೋಡಲಿಲ್ಲ. ಅತ್ತೆ ತಾವೇ ಸಾಕುತ್ತಿದ್ದರೇನೋ, ಆದರೆ ಮಾವ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಿದ್ದರು. ಬೇರೆ ಕೂಸನ್ನು ಸಾಕಿದರೆ ಬರಿದಾದ ಮಡಿಲು ತುಂಬುತ್ತದೆ ಎಂದು ನಮ್ಮಲ್ಲಿ ಒಂದು ನಂಬಿಕೆ. ಅತ್ತೆ ಇಪ್ಪತ್ತು ದಿನದ ಕೂಸನ್ನು ತಂದು ನನ್ನ ಮಡಿಲಲ್ಲಿ ಹಾಕಿದರು. "ಯನ್ನ ಮಗಳದ್ದು ಹೇಳಿ ಉಳಿದದ್ದು ಇದೊಂದೇಯ. ಜೋಪಾನ ಮಾಡು, ತಂಗಿ," ಎಂದರು. ಅಷ್ಟು ಗಟ್ಟಿಗಿತ್ತಿ ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ತಾಯಿಯ ಹಾಲು ಇಲ್ಲದ ಕೂಸಿಗೆ ಹಸುವಿನ ಹಾಲೇ ಗತಿ. ಬೆಳಿಗ್ಗೆ ಗೌಳಿಗರ ಹೆಂಗಸು ಬಂದು ಹಾಲು ಹಾಕಿ ಹೋಗುತ್ತಿದ್ದಳು. ಅದನ್ನು ಕಾಯಿಸಿ, ನೀರು ಬೆರೆಸಿ, ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದೆ. ಕಾಯಿಸುತ್ತಿದ್ದೆ ಅಂದರೆ ದೊಡ್ಡ ಶ್ರದ್ಧೆಯಿಂದೇನೂ ಅಲ್ಲ, ಖರೆ ಹೇಳುತ್ತೇನೆ. ನಮ್ಮ ಮನೆಯಲ್ಲಿ ಇದ್ದದ್ದು ಹೊಟ್ಟಿನ ಒಲೆ. ಡಿಪೋದಲ್ಲಿ ಮರ ಕೊಯ್ದ ಗರಗಸದ ಹೊಟ್ಟು ಬೇಕಾದಷ್ಟು ಸಿಗುತ್ತಿತ್ತು. ತಗಡಿನ ಡಬ್ಬದ ನಡುವೆ ಒಂದು ಕೋಲು ನಿಲ್ಲಿಸಿ, ಸುತ್ತ ಹೊಟ್ಟನ್ನು ಒತ್ತಿ ಒತ್ತಿ ತುಂಬಿ, ಕೋಲು ಎಳೆದು ಕೆಳಗಿನಿಂದ ಬೆಂಕಿ ಕೊಟ್ಟರೆ ಆಯಿತು, ಮಧ್ಯಾಹ್ನದವರೆಗೆ ಉರಿಯುತ್ತಿತ್ತು. ಆ ಒಲೆಯ ಉರಿಯನ್ನು ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ. ಹಾಲಿನ ತಪ್ಪಲೆಯನ್ನು ಅದರ ಮೇಲಿಟ್ಟು ನಾನು ಬಾವಿಗೆ ಹೋಗುತ್ತಿದ್ದೆ, ಬಟ್ಟೆ ಒಗೆಯುತ್ತಿದ್ದೆ, ಅಂಗಳ ಸಾರಿಸುತ್ತಿದ್ದೆ. ಬರುವಷ್ಟರಲ್ಲಿ ಹಾಲು ಬತ್ತಿ ಕೆಂಪಾಗಿರುತ್ತಿತ್ತು. ಅದಕ್ಕೇ ಬಿಸಿನೀರು ಬೆರೆಸಿ ಕೊಡುತ್ತಿದ್ದೆ. ಸೋಮಾರಿತನ ಅನ್ನಿ ಬೇಕಾದರೆ.

ಕೂಸು ಆ ಹಾಲಿನಲ್ಲಿ ಚೆನ್ನಾಗಿಯೇ ಬೆಳೆಯಿತು. ಚರ್ಮವೊಂದೇ ಸರಿಯಿರಲಿಲ್ಲ. ಕೆನ್ನೆ, ಮೊಣಕೈ ಸಂದು, ಮೊಣಕಾಲು ಸಂದು ಎಲ್ಲ ಇಸುಬು ಎದ್ದು ನೀರು ಒಸರುತ್ತಿತ್ತು, ಕೆರೆದು ಕೆರೆದು ರಕ್ತ ಬರಿಸಿಕೊಳ್ಳುತ್ತಿತ್ತು. ಹಸಿ ಹಾಲಿನ ಕೆನೆಗೆ ಕಡಲೆಹಿಟ್ಟು ಕಲಸಿ ಹಚ್ಚು, ಮೈ ತಂಪಾಗುತ್ತದೆ ಎಂದು ಅತ್ತೆ ಹೇಳಿಹೋಗಿದ್ದರು, ನನ್ನನ್ನು ಹೆತ್ತ ಆಯಿಯೂ ಅದನ್ನೇ ಹೇಳಿದ್ದಳು. ಗೌಳಿಗಿತ್ತಿ ಹಾಲು ಹಾಕಿದ ಕೂಡಲೇ ಒಂದು ಬಟ್ಟಲು ತೆಗೆದಿಟ್ಟು, ದಿನವೂ ಸ್ನಾನಕ್ಕೆ ಮೊದಲು ಆ ಹಸಿ ಗಾಯದ ಮೇಲೆ ಉಜ್ಜುತ್ತಿದ್ದೆ. ಅದು ಚಿಟ್ಟನೆ ಚೀರುತ್ತಿತ್ತು. ಅತ್ತರೂ ಬಿಡದೆ ಉಜ್ಜುತ್ತಿದ್ದೆ. ಕೂಸಿನ ಒಳ್ಳೆಯದಕ್ಕಲ್ಲವೇ!

ಕೂಸಿಗೆ ಏಳು ತಿಂಗಳಾದಾಗ ಅತ್ತೆ ನೋಡಲು ಬಂದರು. ಬರುವ ಮೊದಲೇ ಅವರ ಹಸು ಬಂದಿತ್ತು. ಮನೆಯ ಆಳು ಅದನ್ನು ಕರುವಿನ ಸಮೇತ ಸಿದ್ದಾಪುರದಿಂದ ಶಿರಸಿ ಮೇಲಾಗಿ ನಾಲ್ಕು ದಿನ ನಡೆಸಿಕೊಂಡು ಬಂದಿದ್ದ. ತಮ್ಮ ಕೊಟ್ಟಿಗೆಯಲ್ಲಿ ಇದ್ದ ಹಸುಗಳಲ್ಲೇ ಅತಿ ಸಾಧು, ಅತಿ ದಪ್ಪ ಹಾಲಿನದು, ಮೊಮ್ಮಗಳಿಗೆಂದು ಕಳಿಸಿದ್ದರು. ಅತ್ತೆಯ ಪ್ರೀತಿ ಬಾಯಿಮಾತಿನದಲ್ಲ, ಅದನ್ನು ನಾನು ಯಾವತ್ತೂ ಅಲ್ಲಗಳೆದಿಲ್ಲ. ಬಂದವರೇ ಅಡಿಗೆ ಮನೆಗೆ ಹೋಗಿ ತಪ್ಪಲೆ ಬಗ್ಗಿ ನೋಡಿದರು.

"ಇದೆಂತದೆ ಇದು? ಹಾಲಿನ ಸತ್ವ ಎಲ್ಲ ಸುಟ್ಟು ಹಾಕಿದ್ಯಲೆ! ಹಿಂಗಿದ್ದು ಕುಡಿಸಿ ಕೂಸಿಗೆ ಎಂತ ಬತ್ತು?"

"ಅದಕ್ಕೆ ರೂಢಿ ಆಜು ಅತ್ತೆ," ಎಂದೆ.

"ನಿಂಗೆ ರೂಢಿ ಆಜು," ಎಂದರು ಅತ್ತೆ. "ಕರೆದ ಹಾಲು ಹಂಗೇ ಕುಡಿಸವು. ಅಮೃತ ಅದು."

ಮರುದಿನ ಬೆಳಿಗ್ಗೆ ಅವರೇ ಹಿತ್ತಿಲಲ್ಲಿ ಹಸುವಿಗೆಂದು ಕಟ್ಟಿದ್ದ ಕೊಟ್ಟಿಗೆಗೆ ಹೋಗಿ, ಬೆಳ್ಳಿ ಬಟ್ಟಲಲ್ಲಿ ನೊರೆಹಾಲು ಕರೆದು ತಂದರು. ಕೂಸು ನಾಲ್ಕು ಗುಟುಕು ಕುಡಿದು ಐದನೆಯದಕ್ಕೆ ಮುಖ ತಿರುಗಿಸಿತು. ಎಲೆಯಡಿಕೆಯ ಒಂದು ಕವಳ ಹಾಕುವಷ್ಟು ಹೊತ್ತೂ ಆಗಿರಲಿಲ್ಲ, ತುಟಿ ಬಾತುಕೊಂಡಿತು, ಕಣ್ಣು ಮುಚ್ಚಿಹೋಯಿತು, ಮೈ ತುಂಬ ಬೆಂಕಿ ತಾಗಿದ ಹಾಗೆ ದದ್ದು. ಆಮೇಲೆ ಕೆಮ್ಮು, ಎದೆಯೊಳಗೆ ಸುಂಯ್ ಎಂಬ ಸದ್ದು. ನಮ್ಮನೆಯವರು ದವಾಖಾನೆಗೆ ಓಡಿದರು. ಅಷ್ಟರಲ್ಲಿ ಕೂಸು ಕುಡಿದದ್ದನ್ನೆಲ್ಲ ಕಾರಿಕೊಂಡಿತು. ಅದೇ ಅದನ್ನು ಉಳಿಸಿತು ಅಂತ ಕಾಣುತ್ತದೆ. ಡಾಕ್ಟರು ಬರುವಾಗ ಉಸಿರು ಹಗುರಾಗಿತ್ತು. ಏನೋ ವಿಷದ ಹುಳ ಮುಟ್ಟಿರಬೇಕು ಎಂದು ಅವರು ಔಷಧಿ ಕೊಟ್ಟು ಹೋದರು.

ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿಯೇ ತಾಗಿದ್ದು, ಸಂಶಯವೇ ಬೇಡ. ಯಾರ ದೃಷ್ಟಿ ಎಂದು ಅವರು ಹೇಳಲಿಲ್ಲ. ಹೇಳಬೇಕೂ ಇರಲಿಲ್ಲ. ಆ ಮನೆಯಲ್ಲಿ ಮಕ್ಕಳಿಲ್ಲದ ಹೆಂಗಸು ಒಬ್ಬಳೇ ಇದ್ದಳು.

ಹದಿನೈದು ದಿನ ಇದ್ದು ಅತ್ತೆ ಹಿಂತಿರುಗಿದರು. ಕೂಸು ಸೋತಿದೆಯೆಂದು ಅಷ್ಟು ದಿನ ನನ್ನ ನೀರು ಬೆರೆಸಿದ ಕೆಂಪು ಹಾಲೇ ಇರಲಿ ಎಂದಿದ್ದರು. ಅವರು ಹೋದ ಮೇಲೆ ನಾನು ಪಟ್ಟ ಪಾಡು ದೇವರಿಗೇ ಗೊತ್ತು. ನನ್ನದೇ ದೃಷ್ಟಿ ತಾಗಿರಬಹುದು ಎಂದು ನನಗೂ ಹೆದರಿಕೆ ಹೊಕ್ಕಿತ್ತು. ಹಾಲು ಕುಡಿಸುವಾಗ ಅದರ ಮುಖ ನೋಡುತ್ತಿರಲಿಲ್ಲ, ಗೋಡೆ ನೋಡುತ್ತಿದ್ದೆ. ಅದು ನನ್ನ ಮೂಗು ಹಿಡಿದು ತನ್ನ ಕಡೆ ಎಳೆಯುತ್ತಿತ್ತು. ಹೆತ್ತವಳಲ್ಲದಿದ್ದರೇನು, ಅಷ್ಟು ಹೊತ್ತಿಗೆ ಅದು ನನ್ನ ಕೂಸಾಗಿಹೋಗಿತ್ತು.

ನಮ್ಮ ಹಿತ್ತಿಲಿಗೆ ತಾಗಿ ಒಂದು ಮುಸಲ್ಮಾನರ ಮನೆ. ಆ ಮನೆಯ ಯಜಮಾನ ಹುಬ್ಬಳ್ಳಿಗೆ ಹೋಗುವ ಸರ್ವಿಸ್ ಮೋಟಾರು ಓಡಿಸುತ್ತಿದ್ದ. ಅವನ ಹೆಂಡತಿಯನ್ನು ನಾನು ಮೋಟಾರಕ್ಕ ಎಂದು ಕರೆಯುತ್ತಿದ್ದೆ. ನನಗಿಂತ ಹತ್ತು ವರ್ಷ ದೊಡ್ಡವಳು, ಬಾಯಿ ತುಂಬ ಮಾತು. ಬೇಲಿಯ ಈಚೆ ನಾನು, ಆಚೆ ಅವಳು ನಿಂತು ಮಾತಾಡುತ್ತಿದ್ದೆವು. ಒಂದೆರಡು ಸಲ, ನಮ್ಮನೆಯವರು ಡಿಪೋಕ್ಕೆ ಹೋದ ಮೇಲೆ, ಅವಳ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಅವಳು ಕೊಟ್ಟ ಚಹಾ ಕುಡಿದಿದ್ದೂ ಉಂಟು. ನಮ್ಮ ಜಾತಿಯ ಹೆಂಗಸಿಗೆ ಆ ಕಾಲದಲ್ಲಿ ಅದು ಸಣ್ಣ ಸಂಗತಿಯಲ್ಲ. ಗೊತ್ತಾಗಿದ್ದರೆ ಅಡಿಗೆ ಮನೆಯೊಳಗೆ ಕಾಲಿಡಲೂ ಬಿಡುತ್ತಿರಲಿಲ್ಲ.

ಒಂದು ದಿನ ಅವಳ ಹತ್ತಿರ ಕೂಸಿನ ವಿಷಯ ಹೇಳುತ್ತ ಅತ್ತುಬಿಟ್ಟೆ. ಅವಳು ಬೇಲಿ ಸರಿಸಿ ಹತ್ತಿರ ಬಂದಳು.

"ದೃಷ್ಟಿ ಗಿಷ್ಟಿ ಏನಿಲ್ಲ ತಗೀರಿ. ನಮ್ಮ ದೊಡ್ಡ ಹುಡುಗಗೂ ಹಿಂಗೇ ಆಗ್ತಿತ್ತು. ಹಾಲಿಗಲ್ಲ, ತತ್ತಿಗೆ."

"ಎಂತದಕ್ಕೆ?"

"ತತ್ತಿರೀ, ಕೋಳಿ ತತ್ತಿ. ಅರೆಬೆಂದದ್ದು ಕೊಟ್ಟರ ಸಾಕು, ಬಾಯಿ ಬಾತು ಉಸಿರು ಸಿಕ್ಕೊಂತಿತ್ತು. ಸತ್ತೇಹೋದ ಅಂದಿದ್ದೆ. ಅದೇ ತತ್ತಿ ಸಾರಿಗೆ ಹಾಕಿ ತಾಸುಗಟ್ಟಲೆ ಕುದಿಸಿ ಕೊಟ್ಟರ ಏನೂ ಇಲ್ಲ, ಗುಂಡುಕಲ್ಲಿನಂಗ ಓಡಾಡ್ತಿದ್ದ. ನಮ್ಮ ಅತ್ತಿ ಹೇಳಿದ್ರು, ಇವಗ ಹಸೀದು ವೈರಿ, ಬೆಂದದ್ದು ನಂಟ ಅಂತ. ನಿಮ್ಮ ಕೂಸಿಗೂ ಹಂಗೇ ಅದ. ಹಸಿ ಹಾಲು ಬ್ಯಾಡ್ರಿ, ಕೆನಿ ಹಚ್ಚೋದೂ ಬ್ಯಾಡ. ನೀವು ಕೆಂಪಗ ಕಾಸಿ ಕೊಡ್ತೀರಲ್ಲ, ಅದೇ ಅದನ್ನ ಉಳಿಸ್ಯದ."

ನನ್ನ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನನ್ನ ಕಣ್ಣಲ್ಲ, ನನ್ನ ಬರಿದಾದ ಮಡಿಲಲ್ಲ, ಹಸಿ ಹಾಲು! ಅವತ್ತೇ ಕೆನೆ ಹಚ್ಚುವುದು ಬಿಟ್ಟೆ. ಒಂದು ತಿಂಗಳಲ್ಲಿ ಇಸುಬು ಒಣಗಿತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎನ್ನುತ್ತಾರೆ. ನನ್ನ ಕೂಸಿಗೆ ಬೆಳ್ಳಗಿರುವ ಹಾಲೂ ಹಾಲಲ್ಲ ಎಂದು ಹೇಳಿಕೊಂಡು ನಗುತ್ತಿದ್ದೆ. ನಗು ಬರುವ ಕಾಲ ಅದು.

ಇಷ್ಟರವರೆಗಿನದನ್ನೆಲ್ಲ ಮೊನ್ನೆ ಮೊನ್ನೆ ನನ್ನ ಮೊಮ್ಮಗಳಿಗೆ ಹೇಳಿದೆ. ಅವಳು ಮಕ್ಕಳ ಡಾಕ್ಟರು. ಹಾಲಿನಲ್ಲಿರುವ ಪ್ರೋಟೀನು ಒಂದು ಸುತ್ತಿಟ್ಟ ದಾರದ ಉಂಡೆ ಇದ್ದ ಹಾಗೆ, ಅಜ್ಜಿ, ಎಂದಳು. ಕೆಲವು ಮಕ್ಕಳ ಮೈ ಆ ಉಂಡೆಯ ಆಕಾರವನ್ನು ಗುರುತು ಹಿಡಿದು ವೈರಿಯೆಂದು ತಿಳಿಯುತ್ತದೆ, ಅದು ಬಂದಾಗಲೆಲ್ಲ ಯುದ್ಧ ಹೂಡುತ್ತದೆ. ತುಂಬ ಹೊತ್ತು ಕಾಯಿಸಿದರೆ ಉಂಡೆ ಬಿಚ್ಚಿಕೊಂಡು, ಹಾಲಿನ ಸಕ್ಕರೆಯ ಜೊತೆ ಅಂಟಿಕೊಂಡು ಬೇರೆ ರೂಪ ತಾಳುತ್ತದೆ, ಹಾಗಾಗಿ ಕೆಲವರಿಗೆ ಗುರುತು ಸಿಗುವುದಿಲ್ಲ. ಎಲ್ಲರಿಗೂ ಹಾಗಲ್ಲ, ಎಷ್ಟು ಕಾಯಿಸಿದರೂ ಆಗದ ಮಕ್ಕಳಿದ್ದಾರೆ. ಎಲ್ಲ ಪದಾರ್ಥಕ್ಕೂ ಹಾಗಲ್ಲ, ಶೇಂಗಾ ಹುರಿದರೆ ಇನ್ನೂ ಕೆಟ್ಟದ್ದೇ ಆಗುತ್ತದೆ. ಮನೆಯಲ್ಲಿ ಯಾರೂ ಇಂಥದ್ದನ್ನು ಪರೀಕ್ಷೆ ಮಾಡಬಾರದು ಎಂದು ನನಗೇ ಬೈದಳು.

"ಮೈಗೆ ಹಚ್ಚಿದ್ದು?" ಎಂದು ಕೇಳಿದೆ.

ಒಡೆದ ಚರ್ಮದಿಂದ ಒಳಗೆ ಹೋದ ಆಹಾರವನ್ನು ಮೈ ಬೇಗ ವೈರಿ ಮಾಡಿಕೊಳ್ಳುತ್ತದೆ, ಹೊಟ್ಟೆಯಿಂದ ಹೋದದ್ದನ್ನು ಅಷ್ಟು ಬೇಗ ಅಲ್ಲ, ಎಂದು ಈಗ ಹೇಳುತ್ತಾರೆ ಎಂದಳು. ಆಮೇಲೆ ನನ್ನ ಕೈ ಹಿಡಿದು, "ನಿಂಗೆ ಹ್ಯಾಂಗೆ ಗೊತ್ತಾಗವು, ಅಜ್ಜಿ," ಎಂದಳು. ಈ ಕೈಯಿಂದಲೇ ದಿನವೂ ಹಚ್ಚಿದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆದರೆ ಇದು ಗೊತ್ತಿಲ್ಲದೆ ಮಾಡಿದ್ದು. ಮುಂದಿನದು ಗೊತ್ತಿದ್ದೂ ಮಾಡಿದ್ದು.

ಕೂಸಿಗೆ ಎರಡು ವರ್ಷ ತುಂಬುತ್ತಿತ್ತು. ಓಡಾಡುತ್ತಿತ್ತು, ನನ್ನನ್ನು ಆಯಿ ಎನ್ನುತ್ತಿತ್ತು, ಮೋಟಾರಿನ ಸದ್ದು ಕೇಳಿದರೆ ಬಾಗಿಲಿಗೆ ಓಡಿ "ಪೊಂ" ಎನ್ನುತ್ತಿತ್ತು. ಮಾವ ತೀರಿಕೊಂಡು ವರ್ಷಾಂತವೂ ಮುಗಿದಿತ್ತು. ಯಲ್ಲಾಪುರದ ಮನೆಯಲ್ಲಿ ಒಂದು ಸತ್ಯನಾರಾಯಣ ಪೂಜೆ ಆಗಲಿ ಎಂದು ಅತ್ತೆ ಬಂದರು. ಪೂಜೆ ಅಂದರೆ ಪಂಚಾಮೃತ. ಪಂಚಾಮೃತಕ್ಕೆ ಹಸಿ ಹಾಲೇ ಆಗಬೇಕು, ಕಾಯಿಸಿದ ಹಾಲು ದೇವರ ಅಭಿಷೇಕಕ್ಕೆ ಸಲ್ಲುವುದಿಲ್ಲ. ಮತ್ತೊಮ್ಮೆ ಈದಿದ್ದ ಆ ಹಸುವಿನ ಹಾಲನ್ನೇ ಅತ್ತೆ ಮಡಿಯಲ್ಲಿ ಕರೆದು ತಂದಿಟ್ಟರು.

"ಅತ್ತೆ, ಪಂಚಾಮೃತ ಕೂಸಿಗೆ ಮಾತ್ರ ಬ್ಯಾಡ," ಎಂದು ಬೆಳಿಗ್ಗೆಯೇ ಹೇಳಿದೆ.

"ದೇವರ ತೀರ್ಥ ಯಾರಿಗೂ ಎಂತದೂ ಮಾಡ್ತಿಲ್ಲೆ," ಎಂದು ಅವರು ಹೂವು ಬಿಡಿಸಲು ಹೋದರು.

ಪೂಜೆ ಮುಗಿಯಿತು. ಮನೆ ತುಂಬ ಹತ್ತು ಹದಿನೈದು ಜನ. ತೀರ್ಥ ಮೊದಲು ಮಕ್ಕಳಿಗೆ. ಕೂಸು ಅತ್ತೆಯ ತೊಡೆಯ ಮೇಲೆ ಕೂತು, ದೊಡ್ಡವರ ಹಾಗೆ ಬಲಗೈಯನ್ನು ಕುಳಿ ಮಾಡಿ ಚಾಚಿತು. ಭಟ್ಟರು ಉದ್ಧರಣೆಯಲ್ಲಿ ಪಂಚಾಮೃತ ತೆಗೆದು ಅದರ ಕೈಗೆ ಹಾಕಿದರು. ಅದು ಕೈಯನ್ನು ಬಾಯಿಗೆ ಒಯ್ಯುವುದನ್ನು ಕಂಡೆ. ಎದ್ದದ್ದು ಗೊತ್ತಿಲ್ಲ, ಹೋದದ್ದು ಗೊತ್ತಿಲ್ಲ, ಅದರ ಕೈಗೆ ಫಟ್ಟನೆ ಹೊಡೆದೆ. ಪಂಚಾಮೃತ ಅತ್ತೆಯ ಸೀರೆಯ ಮೇಲೆ, ನೆಲದ ಮೇಲೆ ಚೆಲ್ಲಿತು. ಭಟ್ಟರ ಕೈಯ ಉದ್ಧರಣೆ ಠಣ್ಣೆಂದು ಬಿದ್ದು ಉರುಳಿತು. ಕೂಸು ನನ್ನನ್ನೇ ನೋಡಿ ಜೋರಾಗಿ ಅತ್ತಿತು. ಅದಕ್ಕೆ ಅದುವರೆಗೆ ಒಂದು ಪೆಟ್ಟು ಕೊಟ್ಟವಳಲ್ಲ ನಾನು.

ದೇವರ ತೀರ್ಥ ಚೆಲ್ಲಿ ಕಾಲಡಿಗೆ ಹೋಗಿತ್ತು. ಭಟ್ಟರು ವಯಸ್ಸಾದವರು, ಒಳ್ಳೆಯವರು. ಸಿಟ್ಟು ಮಾಡಲಿಲ್ಲ. "ಎಂತಕ್ಕೆ ಹಂಗೆ ಮಾಡ್ದೆ ತಂಗಿ? ಕಾರಣ ಇದ್ರೆ ಹೇಳು," ಎಂದರು.

"ಹಸಿ ಹಾಲು ಅದಕ್ಕೆ ಆಗ್ತಿಲ್ಲೆ. ಜೀವಕ್ಕೇ ಬತ್ತು."

"ಯಾರು ಹೇಳಿದ್ವು ನಿಂಗೆ?" ಅತ್ತೆ ಕೇಳಿದರು. ನಮ್ಮನೆಯವರೂ ನನ್ನ ಮುಖ ನೋಡುತ್ತಿದ್ದರು. "ಡಾಕ್ಟರು ಹೇಳಿದ್ವ? ಪಂಡಿತರು ಹೇಳಿದ್ವ? ಹೇಳು ಮಾರಾಯ್ತಿ, ಯಾರು ಹೇಳಿದ್ವು?"

ಹೇಳಬಹುದಿತ್ತು. ಬೇಲಿಯಾಚೆಯ ಮೋಟಾರಕ್ಕ ಹೇಳಿದಳು, ಅವಳ ಮಗನಿಗೆ ಹೀಗೇ ಆಗಿ ಸಾಯುವುದೊಂದು ಬಾಕಿಯಿತ್ತು ಎನ್ನಬಹುದಿತ್ತು. ಆಗ ಅವನಿಗೆ ಯಾವುದು ಆಗುತ್ತಿರಲಿಲ್ಲ ಎಂದು ಕೇಳುತ್ತಾರೆ. ಮಡಿಯುಟ್ಟ ಹದಿನೈದು ಜನರ ನಡುವೆ, ಆಗ ತಾನೇ ಆರತಿ ಎತ್ತಿದ ಮಂಟಪದ ಎದುರು, ಕೋಳಿಮೊಟ್ಟೆ ಎಂಬ ಮಾತನ್ನು ನಾಲಿಗೆಯ ಮೇಲೆ ತರಬೇಕು. ನಿನಗೂ ಅವಳಿಗೂ ಅಷ್ಟು ಸಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಬರುತ್ತದೆ. ಆ ಹಿಂಬಾಗಿಲ ಚಹಾ ಹೊರಗೆ ಬರುತ್ತದೆ. ಇಷ್ಟೆಲ್ಲ ಒಂದೇ ಕ್ಷಣದಲ್ಲಿ ನನ್ನ ತಲೆಯೊಳಗೆ ಹಾದುಹೋಯಿತು. ಇಷ್ಟು ಬಾಯಿ ಬಡುಕಿ, ಯಾರಿಗೂ ಹೆದರದವಳು, ಹೆದರಿದೆ.

"ಯಾರೂ ಹೇಳಿದ್ದಿಲ್ಲೆ," ಎಂದೆ. "ಯಂಗೆ ಹಂಗೆ ಅನ್ನಿಸ್ತು."

ಅಷ್ಟೇ. ನನಗೆ ಹಾಗನ್ನಿಸಿತು ಎಂಬ ಆ ಒಂದು ಮಾತಿಗೆ ಎಲ್ಲ ಮುಗಿಯಿತು. ಹೆರದವಳ ಚಪಲ, ತಲೆಕೆಟ್ಟವಳ ಹಟ ಎಂದು ಎಲ್ಲರಿಗೂ ಅರ್ಥವಾಯಿತು. ನಮ್ಮನೆಯವರು ತಲೆ ತಗ್ಗಿಸಿದರು. ಅತ್ತೆ ಕೂಸನ್ನು ಎತ್ತಿಕೊಂಡು ಒಳಗೆ ಹೋದರು. ನಾಲ್ಕನೇ ದಿನ ಅದನ್ನು ಸಿದ್ದಾಪುರಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಹಸುವನ್ನು ಆಳು ಹಿಂದಿನಿಂದ ನಡೆಸಿಕೊಂಡು ಬರುವುದು.

ಹೊರಡುವ ದಿನ ಬೆಳಿಗ್ಗೆ ಮೋಟಾರಕ್ಕ ಬೇಲಿಯ ಹತ್ತಿರ ಕಾದಿದ್ದಳು. "ಹಾಲಿಂದು ಹೇಳೀರಲ್ಲ ತಂಗಿ? ತಿಳಿಸಿ ಹೇಳೀರಲ್ಲ?"

"ಹೇಳಿದ್ದೇನೆ," ಎಂದೆ.

"ಹಂಗಾರ ಚಿಂತಿಲ್ಲ ಬಿಡ್ರಿ," ಎಂದು ಅವಳು ಕೂಸಿಗೆಂದು ತಂದ ಬಣ್ಣದ ಬಳೆಗಳನ್ನು ನನ್ನ ಕೈಯಲ್ಲಿಟ್ಟಳು.

ಮೋಟಾರು ನಿಲ್ಲುವಲ್ಲಿ ಅತ್ತೆಯ ಕಾಲು ಹಿಡಿದುಕೊಂಡೆ. "ಅತ್ತೆ, ಹಾಲು ಕೆಂಪಗೆ ಕಾಸಿಯೇ ಕೊಡಿ. ಬೇರೆ ಎಂತದೂ ಕೇಳ್ತಿಲ್ಲೆ." ಅವರು ನನ್ನನ್ನು ಎಬ್ಬಿಸಿದರು. ಆಗ ಅವರ ಸಿಟ್ಟು ಇಳಿದಿತ್ತು, ಕನಿಕರವೇ ಇತ್ತು. "ಏಳು ಹೆತ್ತವಳಿಗೆ ಕಲಿಸಡ ತಂಗಿ. ನಿನ್ನ ಮನಸ್ಸಿಗೆ ಆಯಾಸ ಆಜು. ತವರಿಗೆ ಹೋಗಿ ನಾಲ್ಕು ದಿನ ಇದ್ದು ಬಾ," ಎಂದರು. ಮೋಟಾರು ಹೊರಟಾಗ ಕೂಸು ಖುಷಿಯಿಂದ "ಪೊಂ ಪೊಂ" ಎಂದಿತು. ನಾನು ಹತ್ತಲಿಲ್ಲವೆಂದು ಗೊತ್ತಾದ ಮೇಲೆ "ಆಯೀ" ಎಂದು ಕೂಗಿತು. ತಿರುವಿನವರೆಗೂ ಕೇಳಿಸುತ್ತಿತ್ತು.

ಮೂರು ವಾರ ಕಳೆದು ಸುದ್ದಿ ಬಂತು. ಸುದ್ದಿ ತಂದವರು ಹೇಳಿದ್ದನ್ನೇ ಬರೆಯುತ್ತೇನೆ. ಮೊದಲು ಅತ್ತೆ ಕಾಯಿಸಿದ ಹಾಲನ್ನೇ ಕೊಟ್ಟಿದ್ದರಂತೆ, ಬೇಸರ ಮಾಡಿಕೊಳ್ಳದೆ ಸಾಕಷ್ಟು ಹೊತ್ತು ಕಾಯಿಸಿಯೇ ಕೊಟ್ಟಿದ್ದರಂತೆ. ಆದರೆ ಕೂಸು ನನ್ನನ್ನು ನೆನೆದು ಊಟ ಬಿಟ್ಟಿತ್ತು, ಸೊರಗಿ ಕಡ್ಡಿಯಾಗಹತ್ತಿತ್ತು. ಅಷ್ಟರಲ್ಲಿ ಹಸು ಬಂದು ಮುಟ್ಟಿ, ನಡೆದ ಆಯಾಸ ಕಳೆದು ಮತ್ತೆ ಚೆನ್ನಾಗಿ ಹಾಲು ಕೊಡತೊಡಗಿತು. ಕೂಸಿಗೆ ಶಕ್ತಿ ಬರಲಿ ಎಂದು ಅತ್ತೆ ಅದೇ ಬೆಳ್ಳಿ ಬಟ್ಟಲಲ್ಲಿ ನೊರೆಹಾಲು ತಂದು, ಹಾಡು ಹೇಳಿ ರಮಿಸಿ, ಇಡೀ ಬಟ್ಟಲು ಕುಡಿಸಿದರು. ಬೆಳಗಿನ ಹಾಲಿನ ಹೊತ್ತಿಗೆ ಕುಡಿದದ್ದು, ಬಿಸಿಲು ಅಂಗಳಕ್ಕೆ ಬರುವುದರೊಳಗೆ ಎಲ್ಲ ಆಗಿಹೋಗಿತ್ತು. ಈ ಸಲ ಅದು ಕಾರಿಕೊಳ್ಳಲಿಲ್ಲ.

ಮಾತನಾಡಿಸಲು ಬಂದ ಒಬ್ಬ ಹೆಂಗಸು, "ಹಾಲು ಕುಡಿದ ಮಕ್ಕಳೇ ಬದುಕುವುದಿಲ್ಲ, ಇನ್ನು ವಿಷ ಕುಡಿದ ಮಕ್ಕಳು ಬದುಕುತ್ತವೆಯೇ," ಎಂದು ಸುಮ್ಮನೆ ಗಾದೆ ಹೇಳಿದಳು. ಅವಳನ್ನು ಮನೆಯಿಂದ ಹೊರಗೆ ಹೋಗು ಎಂದು ಕಿರುಚಿದೆ. ಬೇಲಿಯ ಕಡೆಗೆ ಹೋಗುವುದನ್ನು ಬಿಟ್ಟೆ. ಮೋಟಾರಕ್ಕ ಒಂದೆರಡು ಸಲ ಕೂಗಿದಳು, ಆಮೇಲೆ ಕೂಗುವುದನ್ನು ಬಿಟ್ಟಳು. ಪಾಪ, ತಾನು ಏನು ತಪ್ಪು ಮಾಡಿದೆ ಎಂದುಕೊಂಡಳೋ. ನನ್ನ ಸಿಟ್ಟೆಲ್ಲ ಅತ್ತೆಯ ಮೇಲಿತ್ತು. ಕಾಲು ಹಿಡಿದು ಹೇಳಿದ್ದೆನಲ್ಲ, ಕೇಳಲಿಲ್ಲವಲ್ಲ, ಕೊಂದಳಲ್ಲ! ಎರಡು ವರ್ಷ ನಾನು ಸಿದ್ದಾಪುರದ ಮೆಟ್ಟಿಲು ಹತ್ತಲಿಲ್ಲ. ಗಟ್ಟಿ ಸಿಟ್ಟೊಂದು ಇದ್ದರೆ ಬೇರೆ ಏನನ್ನೂ ಯೋಚಿಸಬೇಕಾಗಿಲ್ಲ, ನೋಡಿ.

ಆಮೇಲೆ ನನಗೆ ಗಂಡು ಮಗುವಾಯಿತು. ಇಸಳೂರಿನ ತವರಿನಲ್ಲಿ ಬಾಣಂತನ. ತಿಂಗಳು ತುಂಬುವ ಹೊತ್ತಿಗೆ ಒಂದು ದಿನ ಅತ್ತೆ ಬಂದರು. ಎರಡೇ ವರ್ಷದಲ್ಲಿ ಬೆನ್ನು ಬಾಗಿತ್ತು. ಮಗುವನ್ನು ನೋಡಿದರು, ಎತ್ತಿಕೊಳ್ಳಲಿಲ್ಲ. ಎತ್ತಿಕೊಳ್ಳಿ ಎಂದು ನಾನೂ ಹೇಳಲಿಲ್ಲ. ಆಯಿ ಹಿತ್ತಿಲಿಗೆ ಹೋದ ಮೇಲೆ ಅವರು ನನ್ನ ಹಾಸಿಗೆಯ ಹತ್ತಿರ ನೆಲದ ಮೇಲೆ ಕೂತರು.

"ಆನು ಒಂದು ಕೇಳ್ತಿ. ಖರೆ ಹೇಳು. ಹಸಿ ಹಾಲು ಆಗ್ತಿಲ್ಲೆ ಹೇಳಿ ನಿಂಗೆ ಹ್ಯಾಂಗೆ ಗೊತ್ತಿತ್ತು?"

ಎಲ್ಲ ಹೇಳಿದೆ. ಮೋಟಾರಕ್ಕನ ಮಗನ ಕತೆ, ಅರೆಬೆಂದ ಮೊಟ್ಟೆ, ತಾಸುಗಟ್ಟಲೆ ಕುದಿಸಿದ ಮೊಟ್ಟೆ, ಹಿಂಬಾಗಿಲ ಚಹಾ, ಒಂದನ್ನೂ ಬಿಡಲಿಲ್ಲ. ಬೈಯಲಿ, ಮೈಲಿಗೆ ಎನ್ನಲಿ, ಆಗ ನಾನೂ ಬಾಯಿಗೆ ಬಂದದ್ದು ಆಡಬಹುದು ಎಂದು ಕಾದಿದ್ದೆ. ಅತ್ತೆ ಬೈಯಲಿಲ್ಲ.

"ನೀನು ಮೊಟ್ಟೆ ಹೇಳಿದ್ರೂ ಆನು ಕೇಳ್ತಿದ್ದಿ, ತಂಗಿ," ಎಂದರು. "ಭೂತ ಬಂದು ಹೇಳ್ತು ಹೇಳಿದ್ರೂ ಆನು ಕೇಳ್ತಿದ್ದಿ. ಯಂಗೆ ಆ ಕೂಸು ಬೇಕಾಗಿತ್ತು. ನೀನು ಯಂಗೆ ಹಂಗೆ ಅನ್ನಿಸ್ತು ಹೇಳ್ದೆ. ಅದಕ್ಕೆ ಆನು ಎಂತ ಮಾಡವು?"

ಎರಡು ವರ್ಷ ಕಾಪಾಡಿಕೊಂಡು ಬಂದ ಸಿಟ್ಟು ಆ ಹೊತ್ತಿಗೆ ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಉಳಿದದ್ದು ಈವತ್ತಿಗೂ ಹೋಗಿಲ್ಲ.

ಅತ್ತೆ ಎದ್ದು, ಅಡಿಗೆ ಮನೆಯಿಂದ ಹಾಲಿನ ತಪ್ಪಲೆ ತಂದು ಬಾಣಂತಿ ಕೋಣೆಯ ಅಗ್ಗಿಷ್ಟಿಕೆಯ ಮೇಲಿಟ್ಟರು. "ಎಷ್ಟು ಕೆಂಪು ಹೇಳಿ ತೋರ್ಸು," ಎಂದರು. ಆ ಹಾಲು ಯಾರಿಗೂ ಬೇಕಾಗಿರಲಿಲ್ಲ, ನನ್ನ ಮಗ ನನ್ನ ಹಾಲನ್ನೇ ಕುಡಿಯುತ್ತಿದ್ದ. ಆದರೂ ಇಬ್ಬರೂ ಕೂತು ನೋಡಿದೆವು. ಹಾಲು ಉಕ್ಕಿ ಬಂದಾಗ ಅತ್ತೆಯ ಕೈ ಅಭ್ಯಾಸಬಲದಿಂದ ಇಳಿಸಲು ಹೋಯಿತು. ನಾನು ಬೇಡವೆಂದು ತಲೆಯಾಡಿಸಿದೆ. ಕೆನೆ ಕಟ್ಟಿತು, ಬತ್ತಿತು, ಅಂಚಿನಲ್ಲಿ ಬಣ್ಣ ತಿರುಗಿತು. ತುಂಬ ಹೊತ್ತು ಹಿಡಿಯಿತು. ಕೊನೆಗೆ ನಾನು "ಇಷ್ಟಾದ್ರೆ ಸಾಕು" ಎಂದೆ.

ಅತ್ತೆ ತಪ್ಪಲೆಯೊಳಗೆ ಬಗ್ಗಿ ನೋಡಿದರು.

"ಇಷ್ಟೇಯನೆ?" ಎಂದರು.